ತೂಗುಹಾಕಿದ ಜರಡಿ

ಹಗಲು ಹೊತ್ತಿನಲ್ಲಿ ಕರೆಂಟ್ ಹೋದಾಗ ಮಾತ್ರ ನಮ್ಮತ್ತೆ ಎದ್ದು ನಡೆಯುತ್ತಾರೆ ಎನ್ನುವುದು ನನ್ನ ಗಮನಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಒಂದೇ ಮನೆಯಲ್ಲಿದ್ದು, ದಿನವಿಡೀ ಅವರ ಮುಂದೆಯೇ ಓಡಾಡಿಕೊಂಡಿದ್ದು, ಸೊಪ್ಪಿನಲ್ಲಿ ಒಂದು ಹುಳು ಇದ್ದರೂ ಕಟ್ಟು ಬಿಚ್ಚುವ ಮೊದಲೇ ಕಾಣುವ ಕಣ್ಣಿದ್ದು, ಇದು ಮಾತ್ರ ಕಂಡಿರಲಿಲ್ಲ.

ಮೊದಲು ಅವರಿಗೆ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ತಲೆಸುತ್ತು ಬಿಡಲಿಲ್ಲ. ತಿಪಟೂರಿನ ಡಾಕ್ಟರು ನೋಡಿ, ಕಿವಿಯ ಒಳಗಡೆ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಒಂದು ಭಾಗವಿರುತ್ತದೆ, ಅದಕ್ಕೆ ಏಟು ಬಿದ್ದಿದೆ ಎಂದರು. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಹತ್ತಿರ ಹೋಗಿ ಜೋರಾಗಿ ಹೇಳಿದರೆ ಕೇಳುತ್ತಿತ್ತು. "ಮಾತ್ರೆಯಿಂದ ಹೆಚ್ಚೇನೂ ಆಗಲ್ಲಮ್ಮ, ನಡೆಸಿ. ದಿನಕ್ಕೆ ಹತ್ತು ಸಲ, ಸ್ವಲ್ಪ ಸ್ವಲ್ಪ ದೂರ. ನಡೆದಷ್ಟೂ ಮೆದುಳು ಹೊಸದಾಗಿ ಕಲ್ತ್ಕೊಳ್ಳುತ್ತೆ. ಕೂತುಬಿಟ್ರೆ ಮಾತ್ರ ಮತ್ತೆ ಏಳಿಸೋದು ಕಷ್ಟ," ಎಂದು ಅವರು ನನ್ನನ್ನು ನೋಡಿ ಹೇಳಿದರು, ಪಕ್ಕದಲ್ಲಿದ್ದ ಮಗನನ್ನಲ್ಲ. ಇಂಥ ಮಾತನ್ನು ಡಾಕ್ಟರುಗಳು ಸೊಸೆಯ ಕಡೆ ನೋಡಿಯೇ ಹೇಳುತ್ತಾರೆ.

ಹಾಗಾಗಿ ಅತ್ತೆಯನ್ನು ನಡೆಸುವುದು ನನ್ನ ಕೆಲಸವಾಯಿತು. ಅವರು ಒಪ್ಪಬೇಕಲ್ಲ. "ಆಮೇಲೆ ಬತ್ತೀನಿ ಕಣವ್ವ, ಕಾಲು ಜೋಮು ಹಿಡ್ದೈತೆ." "ಈಗ ತಾನೆ ಉಂಡಿದೀನಿ, ಇಳೀಲಿ ಬುಡು." ಬೆಳಗ್ಗೆ ಬೇಗನೆ ಎದ್ದು ಸ್ನಾನ ಮುಗಿಸಿ ಮಂಚದ ಮೇಲೆ ಕೂತರೆ ಸಂಜೆಯವರೆಗೂ ಅಲ್ಲೇ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದು ಕೂತವರ ಹಾಗೆ ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದಿರುತ್ತಿದ್ದರು. ಸೋಮವಾರ ಒಂದು ದಿನ ಮಾತ್ರ ಹಿತ್ತಲಿನ ಕರಿಬೇವಿನ ಗಿಡದವರೆಗೂ ಹೋಗಿಬರುತ್ತಿದ್ದರು. ಸೋಮವಾರ ನಮ್ಮ ಮನೆಯವರ ಕೆಲಸಕ್ಕೆ ರಜೆ. ಮಗ ಮನೆಯೊಳಗೇ ಇದ್ದಾನೆ ಎಂಬ ಹುರುಪಿಗೆ ಏಳುತ್ತಾರೆ ಎಂದುಕೊಂಡು, ಉಳಿದ ದಿನ ನನ್ನ ಜೊತೆ ಏಳುವುದಿಲ್ಲವಲ್ಲ ಎಂದು ಸ್ವಲ್ಪ ಬೇಜಾರೂ ಪಟ್ಟುಕೊಂಡಿದ್ದೆ.

ಒಂದು ದಿನ ಹನ್ನೊಂದು ಗಂಟೆಗೆ ಕರೆಂಟ್ ಹೋಯಿತು. ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ! ತಾವೇ ಬಗ್ಗಿ ನೀರು ಮೊಗೆದು ಕುಡಿದರು. "ಕಾಯಿ ಬಲ್ತೋಗೈತೆ, ಹಿತಕಿದ್ರೂ ಬರಾಕಿಲ್ಲ ನೋಡು," ಎಂದು ನನ್ನ ಅವರೆಕಾಯಿಗೆ ಒಂದು ಮಾತು ಅಂದರು. ಹಿತ್ತಲಿಗೆ ಹೋಗಿ ಬಿದ್ದಿದ್ದ ಒಂದು ತೆಂಗಿನ ಗರಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಮುಕ್ಕಾಲು ಗಂಟೆ ಕಳೆದ ಮೇಲೆ ಕರೆಂಟ್ ಬಂತು. ನಡುಮನೆಯ ಬಲ್ಬು ಹತ್ತಿದ್ದೇ ತಡ, ಗೋಡೆ ಹಿಡಿದುಕೊಂಡು ಆತುರಾತುರವಾಗಿ ಮಂಚ ಸೇರಿಬಿಟ್ಟರು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಮೂರನೆಯ ಸಲ ನಾನು ಅವರ ಕೋಣೆಯ ಬಾಗಿಲಲ್ಲೇ ಇದ್ದೆ. ಫ್ಯಾನಿನ ರೆಕ್ಕೆ ನಿಧಾನವಾಗಿ ನಿಲ್ಲುತ್ತಿದ್ದದ್ದನ್ನೇ ಅತ್ತೆ ನೋಡುತ್ತಿದ್ದರು, ಅವರ ಕಾಲು ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿತ್ತು.

ಪಕ್ಕದಲ್ಲಿ ಕೂತು, ಎಡಗಿವಿಯ ಹತ್ತಿರ ಬಾಗಿ ಕೇಳಿದೆ. "ಏನಿಲ್ಲ ಕಣವ್ವ," ಎಂದರು. ಮತ್ತೆ ಕೇಳಿದೆ.

"ನೆಲ ಜರುಗ್ತದೆ," ಎಂದರು. "ಮೊದ್ಲೂ ಇತ್ತೇನೋ, ಆಗ ಗೊತ್ತಾಗ್ತಿರ್ಲಿಲ್ಲ. ಈಗ ನಿಂತ್ಕಂಡ್ರೆ ಸಾಕು, ಕಾಲ ಕೆಳಗಿನ ಕಂಬ್ಳಿ ಯಾರೋ ಹಿಡ್ದು ಎಳ್ದಂಗಾಯ್ತದೆ. ಕೊಬ್ಬರಿ ಮೆಷಿನ್ ನಿಂತ್ರೆ ಅದೂ ನಿಲ್ತದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?"

"ಅವ್ನಿಗೆ ಹೇಳ್ಬ್ಯಾಡ ಕಣೇ. ಕಷ್ಟಪಟ್ಟು ಹಾಕ್ಕಂಡಿರೋ ಮೆಷಿನು. ನನ್ ತಲೆ ಕೆಟ್ರೆ ಮೆಷಿನ್ ಏನ್ ಮಾಡೀತು ಪಾಪ?" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಅಂಗೈಯಲ್ಲಿ ಮಂಚದ ಪಟ್ಟಿಯ ಅಚ್ಚು ಬಿದ್ದಿತ್ತು.

ನಮ್ಮ ಮನೆ ಶೆಟ್ಟಿಕೆರೆಗೆ ಹತ್ತಿರ, ಸುತ್ತ ತೆಂಗಿನ ತೋಟ. ನಮ್ಮ ಮನೆಯವರು ಕೊಬ್ಬರಿ ಪುಡಿ ಮಾಡಿ ಬೇಕರಿಗಳಿಗೆ, ಸಿಹಿತಿಂಡಿ ಅಂಗಡಿಗಳಿಗೆ ಕೊಡುತ್ತಾರೆ. ಮೊದಲು ದನದ ಕೊಟ್ಟಿಗೆ ಇದ್ದ ಜಾಗಕ್ಕೆ ಶೀಟು ಹೊದಿಸಿ ಮೆಷಿನ್ ಮನೆ ಮಾಡಿದ್ದಾರೆ. ಅತ್ತೆಯ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಮಂಚವನ್ನು ನಡುಮನೆಗೆ ಹಾಕಿದರೂ ಪ್ರಯೋಜನವಿರಲಿಲ್ಲ, ಇಡೀ ಮನೆಗೆ ಒಂದೇ ತಳಪಾಯ. ಅಲ್ಲಿರುವುದು ಮುಖ್ಯವಾಗಿ ಎರಡು ಮೆಷಿನ್: ಕೊಬ್ಬರಿಯನ್ನು ಪುಡಿ ಮಾಡುವುದೊಂದು, ಪುಡಿಯನ್ನು ಸಣ್ಣದು ದಪ್ಪದು ಎಂದು ಬೇರೆ ಮಾಡುವ ಜರಡಿ ಇನ್ನೊಂದು. ಜರಡಿ ಎಂದರೆ ನಾವು ಹಿಟ್ಟು ಸಾಣಿಸುವಂಥದ್ದಲ್ಲ. ಮಂಚದಷ್ಟು ದೊಡ್ಡ ಕಬ್ಬಿಣದ ಚೌಕಟ್ಟು, ಅದರೊಳಗೆ ಮೂರು ಅಂತಸ್ತಿನ ಬಲೆ. ಮೋಟಾರು ಒಂದು ತೋಳಿನಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತಿರುತ್ತದೆ.

ಅತ್ತೆ ಬೇಡವೆಂದರೂ ನಾನು ಅವತ್ತೇ ಮನೆಯವರಿಗೆ ಹೇಳಿಬಿಟ್ಟೆ. ಅವರು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಮೆಷಿನ್ ಆರಿಸಿ, ಕೆಲಸದ ಹೆಂಗಸರನ್ನು ಮನೆಗೆ ಕಳಿಸಿ, ತಾವೇ ಒಂದು ಕೈಜರಡಿ ಹಿಡಿದು ಪುಡಿ ಸಾಣಿಸಲು ಕೂತರು. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಅತ್ತೆ ಕೋಣೆಯಿಂದಲೇ ಕೂಗಿದರು. "ನನ್ ದೆಸೆಯಿಂದ ನೀನು ಜರಡಿ ಆಡುಸ್ಕಂಡು ಕೂತ್ಕಂಡ್ರೆ ನಾನು ಅನ್ನ ಮುಟ್ಟಾಕಿಲ್ಲ ನೋಡ್ಲಾ. ಹಾಕು ಮೆಷಿನ್ನ!" ಆಮೇಲೆ ನನ್ನ ಕಡೆ ತಿರುಗಿ, "ನಿನ್ ಹೊಟ್ಟೇಲಿ ಒಂದು ಮಾತು ನಿಲ್ಲಾಕಿಲ್ವೇನೇ?" ಎಂದರು. ಅದರಲ್ಲಿ ಸಿಟ್ಟು ಎಷ್ಟಿತ್ತೋ ಅಷ್ಟೇ ಸಮಾಧಾನವೂ ಇತ್ತು.

ಮೆಷಿನ್ ಮತ್ತೆ ಓಡಿತು. ನಮ್ಮ ಮನೆಯವರ ಸಂಶಯ ಪುಡಿ ಮಾಡುವ ಮೆಷಿನಿನ ಮೇಲೆ, ಏಕೆಂದರೆ ಗಲಾಟೆ ಮಾಡುವುದು ಅದು. ಅದರ ಕಿರುಚಾಟ ರಸ್ತೆಯವರೆಗೂ ಕೇಳುತ್ತದೆ. ಅದರ ಕಾಲುಗಳ ಕೆಳಗೆ ದಪ್ಪ ರಬ್ಬರ್ ತುಂಡು ಕೊಟ್ಟರು. ಕಿರುಚಾಟ ತಗ್ಗಿತು. ಅತ್ತೆ ಏಳಲಿಲ್ಲ.

ಆಗ ನಾನು ಒಂದು ಚೊಂಬು ನೀರು ತಂದು ಅತ್ತೆಯ ಮಂಚದ ಪಕ್ಕ ನೆಲದ ಮೇಲಿಟ್ಟೆ. ನಾನು ಓದಿದ ಕಾನ್ವೆಂಟಿನಲ್ಲಿ ಸೈನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್, ಕಣ್ಣಿಗೆ ಕಾಣದ್ದನ್ನು ಕಾಣುವ ಹಾಗೆ ಮಾಡುವುದೇ ಪ್ರಯೋಗ ಎನ್ನುತ್ತಿದ್ದರು. ಪುಡಿ ಮೆಷಿನ್ ಒಂದನ್ನೇ ಓಡಿಸಲು ಹೇಳಿದೆ. ನೀರು ಕನ್ನಡಿಯ ಹಾಗಿತ್ತು, ಅದರಲ್ಲಿ ತೊಲೆಯ ಗಂಟು ಕೂಡ ಕಾಣುತ್ತಿತ್ತು. ಆಮೇಲೆ ಅದನ್ನು ಆರಿಸಿ ಜರಡಿ ಒಂದನ್ನೇ ಓಡಿಸಿದರು. ಏನೂ ಸದ್ದಿಲ್ಲ. ಆದರೆ ನೀರಿನಲ್ಲಿ ತೊಲೆಯ ಗಂಟು ಒಡೆದುಹೋಯಿತು. ಚೊಂಬಿನ ಅಂಚಿನಿಂದ ನಡುವಿಗೆ ನೀರು ಉಂಗುರ ಉಂಗುರವಾಗಿ ಬರುತ್ತಲೇ ಇತ್ತು. ನಾನು ಅಲ್ಲೇ ನೆಲದ ಮೇಲೆ ಮಲಗಿ ಕೆನ್ನೆ ಇಟ್ಟೆ. ಕಿವಿಗೆ ಕೇಳುವಂಥದ್ದೇನೂ ಅಲ್ಲ, ಹಲ್ಲಿನ ಬುಡಕ್ಕೆ ತಿಳಿಯುವಂಥದ್ದು. ಇಷ್ಟು ವರ್ಷ ಇದರ ಮೇಲೆಯೇ ರಂಗೋಲಿ ಹಾಕಿದ್ದೇನೆ, ಕುಕ್ಕರಿನ ಸೀಟಿ ಎಣಿಸಿದ್ದೇನೆ, ನನಗೆ ಗೊತ್ತೇ ಆಗಿರಲಿಲ್ಲ. ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ, ಮೇಲಿನಿಂದ ಅತ್ತೆ ಬಗ್ಗಿ ನೋಡಿ, "ಗೊತ್ತಾಯ್ತಾ?" ಎಂದರು. ಯಾರೋ ಒಬ್ಬರಾದರೂ ನಂಬಿದರಲ್ಲ ಎನ್ನುವ ಹಾಗಿತ್ತು ಅವರ ಮುಖ.

ಜರಡಿಯೇ ಎಂದು ಗೊತ್ತಾದ ಮೇಲೆ ನಮ್ಮ ಮನೆಯವರು ಮೊದಲು ಮಾಡಿದ್ದು ಅದನ್ನು ಇನ್ನಷ್ಟು ಬಿಗಿ ಮಾಡಿದ್ದು. ಅಲ್ಲಾಡುವುದನ್ನು ನಿಲ್ಲಿಸಬೇಕಾದರೆ ಕಟ್ಟಿಹಾಕಬೇಕಲ್ಲ! ನೆಲ ಅಗೆದು, ಉದ್ದುದ್ದ ಬೋಲ್ಟ್ ಇಳಿಸಿ, ಕಾಂಕ್ರೀಟ್ ಸುರಿದರು. ಆ ವಾರ ದೇವರ ಗೂಡಿನಲ್ಲಿದ್ದ ಕುಂಕುಮದ ಬಟ್ಟಲು ತಾನಾಗಿ ಜರುಗಿ ಅಂಚಿಗೆ ಬಂದಿತು.

ಎರಡನೆಯ ಉಪಾಯ ನಮ್ಮ ಸೀಮೆಯವರಿಗೆ ಮಾತ್ರ ಹೊಳೆಯುವಂಥದ್ದು. ಇಲ್ಲಿ ಯಾವ ತೊಂದರೆ ಬಂದರೂ ನಾರು ನೆನಪಾಗುತ್ತದೆ. ಪಾತ್ರೆ ಉಜ್ಜುವುದಕ್ಕೆ ನಾರು, ಹಾಸಿಗೆಗೆ ನಾರು, ಗಿಡದ ಬುಡಕ್ಕೆ ನಾರು, ಸೋರುವ ನಲ್ಲಿಯ ಬಾಯಿಗೂ ನಾರು. "ಮೆತ್ತಗೆ ನಾರು ಹಾಸಿದ್ರೆ ಎಲ್ಲಾ ಕುಡ್ಕಂಬುಡ್ತದೆ," ಎಂದು ನಾರಿನ ಮಿಲ್ಲಿಗೆ ಹೋಗಿ ಒತ್ತಿದ ನಾರಿನ ದಪ್ಪ ಹಾಸುಗಳನ್ನು ಹೊತ್ತು ತಂದರು. ಬೋಲ್ಟ್ ಬಿಚ್ಚಿ, ಕಾಲಿಗೊಂದರಂತೆ ಗೇಣುದ್ದ ಎತ್ತರಕ್ಕೆ ಪೇರಿಸಿ, ಅದರ ಮೇಲೆ ಜರಡಿ ಕೂರಿಸಿ ಸ್ವಿಚ್ ಹಾಕಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲು ಸ್ವಲ್ಪ ತೂಗಾಡಿತು. ಆಮೇಲೆ ಒಂದೊಂದು ತೂಗಿಗೂ ಹೆಚ್ಚಾಗುತ್ತಾ, ಮೈಮೇಲೆ ಬಂದವರ ಹಾಗೆ ಕುಣಿಯುತ್ತಾ, ಹಾಸಿನಿಂದ ಇಳಿದು ನೆಲದ ಮೇಲೆ ದಡಕ್ ದಡಕ್ ಎಂದು ಬಾಗಿಲ ಕಡೆಗೇ ಹೊರಟಿತು. ಕೊಬ್ಬರಿ ಪುಡಿ ಎಲ್ಲರ ತಲೆಯ ಮೇಲೆ.

ಸಿಪ್ಪೆ ಹೆರೆಯಲು ಬರುವ ಹೆಂಗಸು ಗೋಡೆಗೆ ಅಂಟಿಕೊಂಡು, "ಅಯ್ಯಯ್ಯೋ, ಜರಡಿ ತವರಿಗೆ ಹೊಂಟೈತೆ ಕಣ್ರೀ, ಯಾರಾರಾ ಸಮಾಧಾನ ಮಾಡ್ರೀ!" ಎಂದು ಕೂಗಿದಳು. ನಮ್ಮ ಮನೆಯವರಿಗೂ ನಗು ಬಂತು. ಸ್ವಿಚ್ ಆರಿಸಿ ಮೂಟೆಯ ಮೇಲೆ ಕೂತು ತಲೆ ಕೊಡವಿಕೊಂಡರು. ನಗು ಮುಗಿದ ಮೇಲೆ ಅವರ ಮುಖ ನೋಡಬೇಕಿತ್ತು. "ಜಾಗ ಬದಲಾಯಿಸಬೇಕು ಅಷ್ಟೆ. ಎಲ್ಲಿಗೆ ಅಂತ ಗೊತ್ತಿಲ್ಲ," ಎಂದು ಜರಡಿಯನ್ನು ಸದ್ಯಕ್ಕೆ ಮತ್ತೆ ಅದೇ ಬೋಲ್ಟುಗಳಿಗೆ ಬಿಗಿದರು. ಅತ್ತೆ ಆ ಹೊತ್ತಿಗೆ ಇನ್ನೂ ಸೋತಿದ್ದರು. ಕರೆಂಟ್ ಹೋದಾಗ ಎದ್ದರೂ ಕರಿಬೇವಿನ ಗಿಡದವರೆಗೆ ಹೋಗುತ್ತಿರಲಿಲ್ಲ. ನಡುಮನೆಯ ಕಂಬದವರೆಗೆ ಬಂದು, ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಹಿಂದಕ್ಕೆ ಹೋಗುತ್ತಿದ್ದರು. ಕೂತುಬಿಟ್ರೆ ಏಳಿಸೋದು ಕಷ್ಟ ಎಂದ ಡಾಕ್ಟರ ಮಾತು ದಿನಾ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಅಮ್ಮಸಂದ್ರದ ಫಿಟ್ಟರ್ ಅಣ್ಣನನ್ನು ಕರೆತಂದದ್ದು ಆಗ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು, ನಮ್ಮ ಮನೆಯವರಿಗೆ ದೂರದಿಂದ ಪರಿಚಯ. ಅವರು ಬಂದವರೇ ಮೆಷಿನ್ ನೋಡಲಿಲ್ಲ. ಚಪ್ಪಲಿ ಬಿಟ್ಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡರು. ಅತ್ತೆಯ ಕೋಣೆಗೆ ಬಂದು ಅಲ್ಲೂ ಹಾಗೆಯೇ ನಿಂತರು. ಅತ್ತೆ ಮಂಚದಿಂದ ಅವರ ಪಾದಗಳನ್ನೇ ನೋಡುತ್ತಿದ್ದರು.

"ಇದನ್ನ ಇಷ್ಟು ಬಿಗಿಯಾಗಿ ಕಟ್ಟಾಕಿದ್ದು ಯಾರಪ್ಪ?" ಎಂದರು ಫಿಟ್ಟರ್ ಅಣ್ಣ.

"ನಾನೇ ಅಣ್ಣ. ಅಲ್ಲಾಡ್ದಂಗಿರ್ಲಿ ಅಂತ. ನಡುವೆ ನಾರಿನ ಮ್ಯಾಲೂ ಕೂರ್ಸಿ ನೋಡ್ದೆ, ಕುಣಿದ್ಬುಡ್ತು."

"ಸರ್ಯಾಗೇ ಕಟ್ಟಿದ್ದೆ ಬುಡು. ಮನೆನೂ ಮೆಷಿನ್ನೂ ಒಂದೇ ಮಾಡಿಟ್ಟಿದ್ದೆ. ಆಮೇಲೆ ನಾರು ಹಾಕ್ದೆ. ಅದಕ್ಕೂ ಒಂದು ತೂಗೋ ತಾಳ ಇರ್ತದೆ ಕಣಪ್ಪ. ನಿನ್ ಗ್ರಹಚಾರಕ್ಕೆ ಅದರ ತಾಳನೂ ಜರಡಿ ತಾಳನೂ ಒಂದೇ ಆಗೋಯ್ತು, ಎರಡೂ ಸೇರ್ಕಂಡು ಕುಣಿದ್ವು. ಪುಡಿ ಮೆಷಿನ್ನಂಗೆ ಬೇಗ ಬೇಗ ನಡುಗೋದಾದ್ರೆ ರಬ್ಬರ್ ಸಾಕು. ಇದು ಅದಕ್ಕಿಂತ ನಿಧಾನಕ್ಕೆ ನೂಕೋದು. ಇದಕ್ಕೆ ರಬ್ಬರ್ರೂ ಸಾಲಲ್ಲ, ನಾರೂ ಸಾಲಲ್ಲ. ಇನ್ನೂ ಮೆತ್ತಗಿರೋದು ಬೇಕು."

"ನಾರಿಗಿಂತ ಮೆತ್ತಗೆ ಏನಣ್ಣ ಸಿಗ್ತದೆ ನಮ್ ಕಡೆ?"

ಅವರು ನನ್ನ ಕಡೆ ತಿರುಗಿದರು. "ತಾಯಿ, ಒಂದು ಬೀಗದ ಕೈ ಗೊಂಚಲು, ಒಂದು ಮಾರು ದಾರ ಕೊಡವ್ವ." ತಂದುಕೊಟ್ಟೆ. ದಾರದ ತುದಿಗೆ ಗೊಂಚಲು ಕಟ್ಟಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ಇಳಿಬಿಟ್ಟರು. ಕೈಯನ್ನು ನಿಧಾನವಾಗಿ ಆ ಕಡೆ ಈ ಕಡೆ ಆಡಿಸಿದರು. ಗೊಂಚಲು ಕೈಯ ಹಿಂದೆಯೇ ಹೋಯಿತು. ಆಮೇಲೆ ಕೈಯನ್ನು ಜರಡಿ ಆಡುವ ವೇಗದಲ್ಲಿ ಆಡಿಸಿದರು. ಕೈ ಮಸುಕಾಗಿ ಕಾಣುವಷ್ಟು ಆಡುತ್ತಿದೆ, ಕೆಳಗೆ ಗೊಂಚಲು ಮಾತ್ರ ಇದ್ದಲ್ಲೇ ಇದೆ. "ನೋಡಿದ್ರಾ? ಮೇಲಿಂದು ಕೆಳಕ್ಕೆ ಹೋಗ್ಲಿಲ್ಲ. ಹಂಗೇ ಕೆಳಗಿಂದೂ ಮೇಲಕ್ಕೆ ಬರಾಕಿಲ್ಲ. ಜರಡಿನ ತೂಗಾಕಿ. ದಾರ ಉದ್ದ ಇದ್ದಷ್ಟೂ ಒಳ್ಳೇದು."

"ತೊಲೆಯಿಂದ ತೂಗಾಕಾನಾ?" ಎಂದರು ನಮ್ಮ ಮನೆಯವರು.

"ತೊಲೆಯಿಂದ ತೂಗಾಕಿದ್ರೆ ಮತ್ತೆ ಮನೆಗೇ ತಗುಲಾಕಿದಂಗಾಯ್ತಲ್ಲೋ! ಮನೆ ಬುಟ್ಟು ದೂರ ನಾಕು ಕಂಬ ನೆಡು. ಮೋಟಾರ್ನೂ ಜರಡಿ ಮೇಲೇ ಕೂರಿಸು. ನೆಲದ ಮ್ಯಾಲೆ ನಿಂತು ನೂಕೋರು ಯಾರೂ ಇರಬಾರ್ದು. ಅದು ಅದರ ಪಾಡಿಗೆ ಗಾಳೀಲಿ ಆಡ್ಕಂಡಿರ್ಲಿ."

ಒಂದು ವಾರ ಕೆಲಸ ಹಿಡಿಯಿತು. ತೋಟದಲ್ಲಿ ಸಿಡಿಲು ಬಡಿದು ಒಣಗಿದ್ದ ಎರಡು ಮರ ಕೊಯ್ಯಿಸಿ ನಾಲ್ಕು ಕಂಬ ಮಾಡಿದರು. ಮೆಷಿನ್ ಮನೆಯ ಹೊರಮಗ್ಗುಲಿಗೆ, ಗೋಡೆಯಿಂದ ಆರೇಳು ಅಡಿ ಆಚೆ ಗುಂಡಿ ತೆಗೆದು ನೆಟ್ಟು, ಮೇಲೆ ಅಡ್ಡತೊಲೆ ಕಟ್ಟಿ ಶೀಟು ಹೊದಿಸಿದರು. ತೂಗುಹಾಕಲು ನಾರಿನ ಹಗ್ಗವೇ ಆಗಲಿ ಎಂದು ನಮ್ಮ ಮನೆಯವರು ಒಂದು ಸಲ ಅಂದು ನೋಡಿದರು. ಫಿಟ್ಟರ್ ಅಣ್ಣ, "ನಿನ್ ನಾರಿನ ಹುಚ್ಚು ಬುಟ್ಟೋಗಾಕಿಲ್ವಾ?" ಎಂದು ಉಕ್ಕಿನ ಹಗ್ಗ ತರಿಸಿದರು. ಹಳೆಯ ಕಾಲುಗಳನ್ನು ಕತ್ತರಿಸಿ, ಚೌಕಟ್ಟಿನ ತಳಕ್ಕೆ ಕಬ್ಬಿಣದ ತುಂಡುಗಳನ್ನು ಕಟ್ಟಿ ಭಾರ ಮಾಡಿದರು. ನೂಕುವ ತೋಳು ತೆಗೆದು, ತಿರುಗಿದರೆ ತಾನೇ ಜರಡಿಯನ್ನು ಆಡಿಸುವಂತೆ ಮೋಟಾರಿಗೆ ಒಂದು ಕಡೆ ಭಾರವಿರುವ ಚಕ್ರ ಹಾಕಿ ಜರಡಿಯ ಮೇಲೆಯೇ ಕೂರಿಸಿದರು. ಜರಡಿ ಹಗ್ಗದಲ್ಲಿ ತೂಗುತ್ತಾ ಸರಸರ ಎಂದು ಪುಡಿ ಉದುರಿಸತೊಡಗಿತು. ನಾನು ಕಂಬದ ಬುಡದಲ್ಲಿ ಅಂಗೈ ಇಟ್ಟೆ. ಹುಡುಕಿದರೆ ಸಿಗುವಷ್ಟು ಇತ್ತು. ಮನೆಯೊಳಗೆ ಬಂದು ನೆಲಕ್ಕೆ ಕೆನ್ನೆ ಇಟ್ಟೆ. ತಣ್ಣಗಿತ್ತು, ಅಷ್ಟೆ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅತ್ತೆ ಏಳಲಿಲ್ಲ.

ಒಂದು ದಿನ, ಎರಡು ದಿನ, ನಾಲ್ಕು ದಿನ. ಅದೇ ಮಂಚ, ಅದೇ ಪಟ್ಟಿ, ಅದೇ ಹಿಡಿತ. ನಮ್ಮ ಮನೆಯವರು ಮಧ್ಯಾಹ್ನ ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದು ಕೋಣೆಯ ಕಡೆ ಇಣುಕಿ, ನನ್ನನ್ನು ಕಣ್ಣಲ್ಲೇ ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆ ಆಡಿಸಿದರೆ ಹೊರಗೆ ಹೋಗುತ್ತಿದ್ದರು. ಮಾರನೆಯ ದಿನ ಮತ್ತೆ ಬರುತ್ತಿದ್ದರು. ನಾನು ಅದೇ ಚೊಂಬು ತಂದು ಅತ್ತೆಯ ಮುಂದಿಟ್ಟು, "ನೋಡಿ ಅತ್ತೆ, ನೀರು ಅಲ್ಲಾಡ್ತಾ ಇಲ್ಲ. ಮೆಷಿನ್ ಓಡ್ತಾ ಇದೆ, ಆದ್ರೂ ಇಲ್ಲ," ಎಂದೆ.

"ನೀರಿಗೇನು ಕಣವ್ವ, ಅದು ಚೊಂಬಿನಾಗೆ ಕೂತೈತೆ. ನಿಂತ್ಕಬೇಕಾದೋಳು ನಾನು," ಎಂದರು.

ನೆಲ ನಿಂತಿತ್ತು, ಅವರ ಭಯ ನಿಂತಿರಲಿಲ್ಲ. ಅದನ್ನು ಯಾವ ಹಗ್ಗಕ್ಕೆ ಕಟ್ಟಿ ತೂಗುಹಾಕುವುದು? ಮೆಷಿನಿನ ಸದ್ದು ಅವರ ಕಿವಿಗೆ ಬೀಳುತ್ತಿರಲಿಲ್ಲ, ಅವರು ಫ್ಯಾನನ್ನೇ ನೋಡುತ್ತಿದ್ದರು. ಅದು ತಿರುಗುತ್ತಿರುವವರೆಗೂ ಅವರ ಪಾಲಿಗೆ ನೆಲವೂ ಜರುಗುತ್ತಿತ್ತು. ಕೆಟ್ಟ ಕಾಲಕ್ಕೆ ಆ ವಾರ ಕರೆಂಟ್ ಒಂದು ಸಲವೂ ಹೋಗಲಿಲ್ಲ.

ಐದನೆಯ ದಿನ ಬೆಳಗ್ಗೆ ನಾನು ಅವರ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಫ್ಯಾನಿನ ಸ್ವಿಚ್ ಬಾಗಿಲ ಹೊರಗಿದೆ, ಮಂಚದಿಂದ ಕಾಣುವುದಿಲ್ಲ. ಮಡಿಸಿದ ಬಟ್ಟೆ ಎತ್ತಿಕೊಂಡು ಹೊರಗೆ ಹೋಗುತ್ತಾ ಅದನ್ನೂ ನಡುಮನೆಯ ಬಲ್ಬನ್ನೂ ಆರಿಸಿಬಿಟ್ಟೆ. ಸುಳ್ಳು ಹೇಳಬಾರದು ಎಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು ನಾನು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಅಡುಗೆಮನೆಗೆ ಹೋಗಿ ನಿಂತೆ. ಬಿದ್ದರೆ ಹಿಡಿಯುವಷ್ಟು ಹತ್ತಿರವೂ ಇರಬೇಕು, ಅವರಿಗೆ ಕಾಣಿಸಲೂ ಬಾರದು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಮೊದಲು ಚಪ್ಪಲಿಯ ಸದ್ದು. ಆಮೇಲೆ ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡರು. ಬಲಗೈಯ ಬೆರಳುಗಳನ್ನು ಗೋಡೆಗೆ ತಾಗಿಸಿಕೊಂಡು, ಒಂದೊಂದೇ ಹೆಜ್ಜೆ. ನಡುಮನೆಯ ಕಂಬದ ಹತ್ತಿರ ನಿಂತರು. ಅಲ್ಲಿಂದಲೇ ಹಿಂದಕ್ಕೆ ಹೋಗುತ್ತಾರೇನೋ ಎಂದುಕೊಂಡೆ. ಸೆರಗು ಸರಿಮಾಡಿಕೊಳ್ಳಲು ಗೋಡೆಯಿಂದ ಕೈ ತೆಗೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು, ಕೈ ಮತ್ತೆ ಗೋಡೆಗೆ ಹೋಗಲಿಲ್ಲ. ಹಾಗೆಯೇ ನಡೆದು ಅಡುಗೆಮನೆಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು, "ಏನ್ ಹುಳಿ ಇವತ್ತು?" ಎಂದು ಕೇಳುತ್ತಾ ತಲೆ ಎತ್ತಿದರು.

ಒಲೆಯ ಮೇಲಿನ ಬಲ್ಬು ಉರಿಯುತ್ತಿತ್ತು. ಆ ಮೂಲೆ ಹಗಲಲ್ಲೂ ಕತ್ತಲೆ, ಬೆಳಗ್ಗೆ ಹಾಕಿದ ದೀಪ ಆರಿಸುವುದನ್ನು ನಾನು ಮರೆತುಬಿಟ್ಟಿದ್ದೆ.

ಅತ್ತೆ ಬಲ್ಬನ್ನು ನೋಡಿದರು. ಮುಚ್ಚಳ ಕೈಯಲ್ಲೇ ಇತ್ತು. "ಕರೆಂಟ್ ಐತೆ," ಎಂದರು.

"ಇದೆ ಅತ್ತೆ," ಎಂದು ಅವರ ಎಡಗಿವಿಗೆ ಕೇಳುವಷ್ಟು ಜೋರಾಗಿ ಹೇಳಿದೆ.

"ಮೆಷಿನ್ನು?"

"ಓಡ್ತಾ ಇದೆ. ಬೆಳಗ್ಗೆಯಿಂದಲೂ."

ಅವರ ಎಡಗೈ ಒಲೆಯ ಕಟ್ಟೆಯ ಕಡೆ ಚಾಚಿತು. ಈಗ ಹಿಡಿದುಕೊಳ್ಳುತ್ತಾರೆ, ಈಗ ತಲೆ ಸುತ್ತುತ್ತದೆ, ಎಲ್ಲ ಹಾಳು ಮಾಡಿದೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಕೈ ಕಟ್ಟೆಯನ್ನು ಮುಟ್ಟಲಿಲ್ಲ. ನಡುವೆಯೇ ನಿಂತು ಹಿಂದಕ್ಕೆ ಹೋಯಿತು. ಅತ್ತೆ ತಮ್ಮ ಪಾದಗಳನ್ನು ನೋಡಿಕೊಂಡರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು. ಮತ್ತೆ ಬದಲಾಯಿಸಿದರು.

"ಫ್ಯಾನ್ ಆರ್ಸಿದ್ದು ನೀನಾ?"

"ಹೂಂ."

"ಕಾನ್ವೆಂಟಿನಾಗೆ ಇದನ್ನೇನಾ ಕಲ್ಸಿದ್ದು, ಕಳ್ಳಿ?" ಎಂದು ಮುಚ್ಚಳದಿಂದ ನನ್ನ ತೋಳಿಗೆ ಒಂದು ಮೆಲ್ಲಗೆ ಕೊಟ್ಟರು. ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಆಮೇಲೆ ಹಿತ್ತಲ ಬಾಗಿಲ ಕಡೆ ನಡೆದರು. ನಾನು ಹಿಂದೆಯೇ ಹೋದೆ, ಕೈ ಚಾಚಿಕೊಂಡೇ, ಆದರೆ ಮುಟ್ಟದೆ. ಕರಿಬೇವಿನ ಗಿಡ ದಾಟಿ, ಮೆಷಿನ್ ಮನೆಯ ಪಕ್ಕದಿಂದ ಸುತ್ತಿ, ನಾಲ್ಕು ಕಂಬಗಳ ಎದುರಿಗೆ ಬಂದು ನಿಂತರು. ಜರಡಿ ಹಗ್ಗದಲ್ಲಿ ತೂಗುತ್ತಿತ್ತು. ಸಿಪ್ಪೆ ಹೆರೆಯುವ ಹೆಂಗಸು ಮೊದಲು ನೋಡಿ ಕತ್ತಿ ಕೆಳಗಿಟ್ಟಳು. ಆಮೇಲೆ ನಮ್ಮ ಮನೆಯವರು ತಿರುಗಿದರು, ಮೊಣಕೈವರೆಗೂ ಬಿಳಿ ಪುಡಿ. ಅಮ್ಮನನ್ನು ಕಂಡದ್ದೇ ಗಾಬರಿಯಿಂದ ಸ್ವಿಚ್ಚಿನ ಕಡೆ ಓಡಿದರು.

"ಆರಿಸ್ಬ್ಯಾಡ ಕಣ್ಲಾ," ಎಂದರು ಅತ್ತೆ. "ಓಡ್ಲಿ ಬುಡು. ನಾನು ನಿಂತಿದೀನಿ."